ಕಾರಿನ ಎ.ಸಿ. ಫಿಲ್ಟರ್ ಮನೆಯಲ್ಲೇ ಬದಲಿಸುವುದು ಹೇಗೆ?

ಫ್ಯಾನನ್ನು ನಾಲ್ಕಕ್ಕಿಟ್ಟರೂ ಗಾಳಿ ಎರಡರಲ್ಲಿಟ್ಟಷ್ಟೇ ಬರುತ್ತಿದೆಯೇ? ಮಳೆಯಲ್ಲಿ ಮುಂದಿನ ಗಾಜಿನ ಮಂಜು ಬಿಡಲು ತುಂಬ ಹೊತ್ತು ಹಿಡಿಯುತ್ತಿದೆಯೇ? ಎ.ಸಿ.ಗೆ ಗ್ಯಾಸ್ ತುಂಬಿಸಲು ಹೊರಡುವ ಮೊದಲು ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ. ಗ್ಯಾರೇಜಿನವರು ‘ಎ.ಸಿ. ಫಿಲ್ಟರ್’ ಎನ್ನುವುದು ಇದನ್ನೇ. ಬಾನೆಟ್ ಕೆಳಗಿರುವ ಎಂಜಿನ್ನಿನ ಏರ್ ಫಿಲ್ಟರ್ ಬೇರೆ. ಅಂಗಡಿಯಲ್ಲಿ ಬರೀ ‘ಏರ್ ಫಿಲ್ಟರ್’ ಎಂದು ಕೇಳಿದರೆ ಆ ಎಂಜಿನ್ ಫಿಲ್ಟರನ್ನೇ ಕೊಡುತ್ತಾರೆ.

ಬಹುತೇಕ ಕಾರುಗಳಲ್ಲಿ ಹೊರಗಿನಿಂದ ಎಳೆದ ಗಾಳಿಯೂ ಒಳಗೇ ಸುತ್ತುವ ಗಾಳಿಯೂ ಈ ಫಿಲ್ಟರ್ ದಾಟಿಯೇ ಕೂಲಿಂಗ್ ಕಾಯಿಲ್ ಮುಟ್ಟುತ್ತವೆ. ಫಿಲ್ಟರ್ ಕಟ್ಟಿಕೊಂಡರೆ ಕಾಯಿಲ್ ಮೇಲೆ ಹಾಯುವ ಗಾಳಿ ಕಡಿಮೆಯಾಗುತ್ತದೆ. ಹಾಗೇ ಬಿಟ್ಟರೆ ದೂರದ ಪ್ರಯಾಣದಲ್ಲಿ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿ ಗಾಳಿ ನಿಂತೇಹೋಗುವುದೂ ಉಂಟು. ಮಾನ್ಯುಯಲ್ ಎ.ಸಿ. ಇರುವ ಕಾರುಗಳಲ್ಲಿ ಫ್ಯಾನಿನ ವೇಗ ನಿಯಂತ್ರಿಸುವ ರೆಸಿಸ್ಟರ್ ತಣ್ಣಗಾಗುವುದೂ ಇದೇ ಗಾಳಿಯಿಂದ. ಗಾಳಿ ಸಾಲದಿದ್ದರೆ ಅದು ಸುಟ್ಟುಹೋಗಬಹುದು. ಕೆಲವು ನೂರು ರೂಪಾಯಿಯ ಫಿಲ್ಟರ್ ಉಳಿಸಲು ಹೋಗಿ ಸಾವಿರಗಳ ಖರ್ಚು ತಂದುಕೊಳ್ಳಬಾರದು.

ಸಾಮಾನ್ಯವಾಗಿ 10,000ದಿಂದ 15,000 ಕಿ.ಮೀ.ಗೆ ಅಥವಾ ವರ್ಷಕ್ಕೊಮ್ಮೆ ಬದಲಿಸಬೇಕು. ನಿಮ್ಮ ಕಾರಿನ ಕೈಪಿಡಿ ಹೇಳಿದ ಲೆಕ್ಕವೇ ಅಂತಿಮ. ಬಳ್ಳಾರಿಯ ಗಣಿ ರಸ್ತೆಗಳಲ್ಲಿ, ಬೆಂಗಳೂರಿನ ಕಾಮಗಾರಿ ದೂಳಿನಲ್ಲಿ ದಿನವೂ ಓಡುವ ಕಾರಾದರೆ 5,000 ಕಿ.ಮೀ.ಗೊಮ್ಮೆ ಹೊರಗೆಳೆದು ನೋಡುವುದು ಒಳ್ಳೆಯದು. ವರ್ಷಕ್ಕೆ ಒಂದೇ ಸಲ ಬದಲಿಸುವುದಾದರೆ ಒಳನಾಡಿನವರಿಗೆ ಮೇ ಕೊನೆಯ ವಾರವೇ ಸೂಕ್ತ ಎಂಬುದು ನಮ್ಮ ಅಭಿಪ್ರಾಯ: ಬೇಸಿಗೆಯ ದೂಳೆಲ್ಲ ಹಳೆಯದರಲ್ಲೇ ಹೋಗುತ್ತದೆ, ಗಾಜಿನ ಮಂಜು ಬಿಡಿಸಬೇಕಾದ ಮಳೆಗಾಲಕ್ಕೆ ಹೊಸದು ಸಿಗುತ್ತದೆ. ಕರಾವಳಿ, ಮಲೆನಾಡಿನಲ್ಲಿ ಹಾಗಲ್ಲ. ಅಲ್ಲಿ ಮಳೆಗಾಲದ ತೇವಕ್ಕೆ ಫಿಲ್ಟರಿಗೆ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಮಳೆ ಮುಗಿದ ಮೇಲೆ ಬದಲಿಸಿ.

ಯಾವುದನ್ನು ಕೊಳ್ಳಬೇಕು?

ಕಾರಿನ ಮಾದರಿ, ತಯಾರಾದ ವರ್ಷ, ಪೆಟ್ರೋಲೋ ಡೀಸೆಲ್ಲೋ ಎಂಬುದನ್ನು ಹೇಳಿಯೇ ಕೊಳ್ಳಿ. ಒಂದೇ ಹೆಸರಿನ ಕಾರಾದರೂ ತಲೆಮಾರು ಬದಲಾದಾಗ ಫಿಲ್ಟರಿನ ಅಳತೆ ಬದಲಾಗಿರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಗೆ ಹೋಗುವುದಾದರೆ ಹಳೆಯ ಫಿಲ್ಟರನ್ನೇ ಚೀಲದಲ್ಲಿ ಕಟ್ಟಿಕೊಂಡು ಹೋಗಿ ಪಕ್ಕಕ್ಕಿಟ್ಟು ಅಳೆಯಿರಿ. ಬ್ರ್ಯಾಂಡಿಗಿಂತ ಅಳತೆ ಮುಖ್ಯ. ಬೆರಳಗಲ ಚಿಕ್ಕದಿದ್ದರೂ ಗಾಳಿ ಆ ಸಂದಿಯಲ್ಲೇ ನುಗ್ಗುತ್ತದೆ, ಫಿಲ್ಟರ್ ಇದ್ದೂ ಇಲ್ಲದಂತಾಗುತ್ತದೆ.

ಬಿಳಿ ಬಣ್ಣದ ಸಾದಾ ಫಿಲ್ಟರ್ ದೂಳು, ಪರಾಗ ತಡೆಯುತ್ತದೆ. ಬೂದು ಅಥವಾ ಕಪ್ಪು ಬಣ್ಣದ ಕಾರ್ಬನ್ ಫಿಲ್ಟರ್ ಹೊಗೆ, ಚರಂಡಿಯ ವಾಸನೆಯನ್ನೂ ಒಂದಷ್ಟು ಹೀರಿಕೊಳ್ಳುತ್ತದೆ. ನಗರದ ಟ್ರಾಫಿಕ್ಕಿನಲ್ಲಿ ಓಡಾಡುವವರು ಸ್ವಲ್ಪ ಹೆಚ್ಚು ಕೊಟ್ಟು ಇದನ್ನೇ ಕೊಳ್ಳುವುದು ಲೇಸು.

ಬಿಚ್ಚುವುದು

ಸ್ವಿಫ್ಟ್, ಬಲೆನೊ, ಐ20, ಕ್ರೆಟಾ, ಹೋಂಡಾ ಸಿಟಿ ಸೇರಿದಂತೆ ನಮ್ಮಲ್ಲಿ ಓಡುವ ಬಹಳಷ್ಟು ಕಾರುಗಳಲ್ಲಿ ಫಿಲ್ಟರ್ ಇರುವುದು ಎಡಬದಿಯ ಗ್ಲೋವ್ ಬಾಕ್ಸಿನ ಹಿಂದೆ. ಕೆಲವದರಲ್ಲಿ ಎಡ ಸೀಟಿನವರು ಕಾಲಿಡುವ ಜಾಗದ ಮೇಲ್ಗಡೆ, ಇನ್ನು ಕೆಲವದರಲ್ಲಿ ಬಾನೆಟ್ ಎತ್ತಿದರೆ ಗಾಜಿನ ಬುಡದಲ್ಲಿ ಇರುತ್ತದೆ. ಕೆಲವು ಹಳೆಯ ಮಾದರಿಗಳಲ್ಲಿ ಕಂಪನಿಯೇ ಫಿಲ್ಟರ್ ಕೊಟ್ಟಿರುವುದಿಲ್ಲ. ಆದ್ದರಿಂದ ಮೊದಲು ಕೈಪಿಡಿ ನೋಡಿ, ಆಮೇಲೆ ದುಡ್ಡು ಕೊಡಿ.

ಗ್ಲೋವ್ ಬಾಕ್ಸಿನ ಹಿಂದಿರುವ ಬಗೆಗೆ ಟಾರ್ಚ್, ಒಣ ಬಟ್ಟೆ, ಮಾಸ್ಕ್ ಇದ್ದರೆ ಸಾಕು. ಕೆಲವು ಕಾರುಗಳಿಗೆ ಒಂದು ಸ್ಟಾರ್ ಸ್ಕ್ರೂಡ್ರೈವರ್ ಬೇಕಾಗುತ್ತದೆ. ಫ್ಯಾನ್ ಆಫ್ ಮಾಡಿ, ಕೀ ತೆಗೆದಿಡಿ. ಫಿಲ್ಟರ್ ಇಲ್ಲದ ಹೊತ್ತಿನಲ್ಲಿ ಫ್ಯಾನ್ ತಿರುಗಿದರೆ ಕಸವೆಲ್ಲ ಸೀದಾ ಒಳಗೆ ಹೋಗುತ್ತದೆ.

ಗ್ಲೋವ್ ಬಾಕ್ಸ್ ಖಾಲಿ ಮಾಡಿ ತೆರೆಯಿರಿ. ಅದು ಧಡಕ್ಕನೆ ಬೀಳದಂತೆ ಒಂದು ಬದಿಯಲ್ಲಿ ದಾರ ಅಥವಾ ಸಣ್ಣ ಕಡ್ಡಿ ಹಿಡಿದುಕೊಂಡಿರಬಹುದು. ಇದ್ದರೆ ಅದನ್ನು ಗೂಟದಿಂದ ಮೆಲ್ಲಗೆ ಜಾರಿಸಿ. ಈಗ ಪೆಟ್ಟಿಗೆಯ ಎರಡೂ ಪಕ್ಕಗಳನ್ನು ಅಂಗೈಯಿಂದ ಒಳಕ್ಕೆ ಒತ್ತಿ ಕೆಳಕ್ಕೆ ಬಾಗಿಸಿ. ಹ್ಯುಂಡೈನ ಹಲವು ಕಾರುಗಳಲ್ಲಿ ಒತ್ತುವುದರ ಬದಲು ಎರಡು ಬದಿಯ ಪ್ಲಾಸ್ಟಿಕ್ ಸ್ಟಾಪರುಗಳನ್ನು ತಿರುಗಿಸಿ ಹೊರಗೆಳೆಯಬೇಕು. ಹೆಚ್ಚಿನ ಒಡಕು ಆಗುವುದು ಈ ಹಂತದಲ್ಲೇ. ಬರುತ್ತಿಲ್ಲವೆಂದು ಜಗ್ಗಬೇಡಿ. ಬರುತ್ತಿಲ್ಲ ಎಂದರೆ ಎಲ್ಲೋ ಒಂದು ಕೊಂಡಿ ಇನ್ನೂ ಬಿಟ್ಟಿಲ್ಲ ಎಂದೇ ಅರ್ಥ. ಟಾರ್ಚ್ ಹಾಕಿ ಹುಡುಕಿ.

ಒಳಗೆ ಉದ್ದನೆಯ ಕಪ್ಪು ಮುಚ್ಚಳ ಕಾಣುತ್ತದೆ. ಅದರ ತುದಿಯ ಕ್ಲಿಪ್ ಒತ್ತಿ ತೆಗೆಯಿರಿ. ಫಿಲ್ಟರನ್ನು ಹೊರಗೆಳೆಯುವ ಮುನ್ನ ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಎಳೆಯುವಾಗ ಓರೆ ಮಾಡಬೇಡಿ. ಮೇಲೆ ಕೂತ ಎಲೆ, ಕಡ್ಡಿ ಫ್ಯಾನಿನೊಳಗೆ ಬೀಳುತ್ತವೆ. ಮರದಡಿ ನಿಲ್ಲಿಸುವ ಕಾರುಗಳಲ್ಲಿ ಇದು ಹಿಡಿಗಟ್ಟಲೆ ಇರುತ್ತದೆ. ಇಲಿ ಕಡಿದ ಗುರುತೋ ಹಿಕ್ಕೆಯೋ ಕಂಡರೆ ಕೈಗವಸು ಹಾಕಿಕೊಳ್ಳಿ, ಅಕ್ಕಪಕ್ಕದ ವೈರುಗಳನ್ನೂ ನೋಡಿ.

ಕೂರಿಸುವುದು

ಖಾಲಿ ಗೂಡನ್ನು ವ್ಯಾಕ್ಯೂಮ್ ಕ್ಲೀನರಿನಿಂದ ಎಳೆದು, ಬಟ್ಟೆಯಿಂದ ಒರೆಸಿ. ಊದಬೇಡಿ.

ಹೊಸ ಫಿಲ್ಟರಿನ ಅಂಚಿನಲ್ಲಿ ಬಾಣದ ಗುರುತಿರುತ್ತದೆ. ಬಾಣದ ಜೊತೆ ‘ಏರ್ ಫ್ಲೋ’ ಎಂದಿದ್ದರೆ ಅದು ಗಾಳಿ ಹರಿಯುವ ದಿಕ್ಕು, ‘ಅಪ್’ ಎಂದಿದ್ದರೆ ಯಾವ ಬದಿ ಮೇಲಿರಬೇಕು ಎಂಬ ಸೂಚನೆ. ಇವೆರಡನ್ನು ಒಂದೇ ಎಂದುಕೊಂಡು ತಲೆಕೆಳಗು ಮಾಡುವವರೇ ಹೆಚ್ಚು. ಫ್ಯಾನಿನ ಮೇಲೆ ಅಡ್ಡಲಾಗಿ ಮಲಗಿರುವ ಫಿಲ್ಟರಿನಲ್ಲಿ ಸಾಮಾನ್ಯವಾಗಿ ಗಾಳಿ ಮೇಲಿನಿಂದ ಕೆಳಕ್ಕೆ ಹೋಗುತ್ತದೆ, ಬಾಣವೂ ಕೆಳಕ್ಕೇ ಇರಬೇಕು. ಹಳೆಯದು ಹೇಗಿತ್ತೋ ಹಾಗೇ ಎಂದು ಕಣ್ಣು ಮುಚ್ಚಿ ನಂಬಬೇಡಿ, ಹಿಂದಿನವರೇ ತಪ್ಪಾಗಿ ಹಾಕಿರಬಹುದು. ಹಳೆಯ ಫಿಲ್ಟರಿನ ಯಾವ ಮುಖಕ್ಕೆ ಕೊಳೆ ಹಿಡಿದಿದೆಯೋ ಗಾಳಿ ಬರುವುದು ಆ ಕಡೆಯಿಂದ. ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಮಡಿಕೆಗಳು ನಲುಗದಂತೆ ಕೊನೆಯವರೆಗೆ ನೇರವಾಗಿ ತಳ್ಳಿ. ನಡುವೆ ಉಬ್ಬಿದರೆ ಅಳತೆ ದೊಡ್ಡದು, ಅಲುಗಾಡಿದರೆ ಚಿಕ್ಕದು; ಎರಡಕ್ಕೂ ಅಂಗಡಿಗೆ ವಾಪಸು ಕೊಡುವುದೇ ದಾರಿ. ಮುಚ್ಚಳ ‘ಟಕ್’ ಎಂದು ಕೂರಬೇಕು. ದಾರವೋ ಕಡ್ಡಿಯೋ ಇದ್ದರೆ ಮರೆಯದೆ ಸಿಕ್ಕಿಸಿ, ಗ್ಲೋವ್ ಬಾಕ್ಸನ್ನು ಮೇಲಕ್ಕೆತ್ತಿ ಕೂರಿಸಿ. ಮೊದಲ ಸಲಕ್ಕೆ ಅರ್ಧ ಗಂಟೆ ಹಿಡಿಯಬಹುದು, ಆಮೇಲೆ ಹತ್ತು ನಿಮಿಷದ ಕೆಲಸ.

ಹಳೆಯದನ್ನೇ ನೀರಿನಲ್ಲಿ ತೊಳೆದು ಹಾಕಬಹುದೇ ಎಂದು ಬಹಳ ಮಂದಿ ಕೇಳುತ್ತಾರೆ. ಬೇಡ. ‘ತೊಳೆಯಬಹುದು’ ಎಂದೇ ಬರೆದ ಫಿಲ್ಟರಾದರೆ ಮಾತು ಬೇರೆ. ಉಳಿದವುಗಳಲ್ಲಿ ಸಣ್ಣ ಕಣ ಹಿಡಿಯುವ ಎಳೆಗಳ ಶಕ್ತಿ ನೀರು ತಾಗಿದರೆ ಕುಗ್ಗುತ್ತದೆ, ಮಡಿಕೆಯೊಳಗೆ ಉಳಿದ ತೇವ ಬೂಷ್ಟಿಗೆ ದಾರಿ ಮಾಡಿಕೊಡುತ್ತದೆ. ಕಂಪ್ರೆಸರಿನ ಗಾಳಿ ಹೊಡೆದರೂ ಎಳೆ ಹರಿಯಬಹುದು. ಬದಲಿಸುವ ದಿನ ಇನ್ನೂ ದೂರವಿದ್ದರೆ ಮೆಲ್ಲಗೆ ಕೊಡವಿ ವಾಪಸು ಹಾಕಿ, ಅಷ್ಟು ಸಾಕು.

ಆಮೇಲೂ ಸರಿಯಾಗದಿದ್ದರೆ

ಫ್ಯಾನನ್ನು ಒಂದರಿಂದ ಕೊನೆಯ ವೇಗದವರೆಗೆ ಹಾಕಿ ಕೇಳಿ. ‘ಟಕ ಟಕ’ ಸದ್ದು ಬಂದರೆ ಎಲೆಯೋ ಕಡ್ಡಿಯೋ ಫ್ಯಾನಿಗೆ ಬಿದ್ದಿದೆ, ತಕ್ಷಣ ನಿಲ್ಲಿಸಿ ತೆಗೆಯಿರಿ. ಗಾಳಿ ಇನ್ನೂ ಮಂದವಾಗಿದ್ದರೆ ಕಾಯಿಲ್ ಕೊಳೆಯಾಗಿದೆ ಅಥವಾ ಫ್ಯಾನಿನ ಮೋಟರ್ ಸೋತಿದೆ. ಮುಗ್ಗಲು ವಾಸನೆ ಹೋಗದಿದ್ದರೂ ಕಾಯಿಲ್ಲನ್ನೇ ಶುಚಿ ಮಾಡಿಸಬೇಕು. ಮನೆ ತಲುಪುವ ಮೂರ್ನಾಲ್ಕು ನಿಮಿಷ ಮೊದಲು ಎ.ಸಿ. ಆರಿಸಿ ಬರೀ ಫ್ಯಾನ್ ಓಡಿಸಿದರೆ ಕಾಯಿಲ್ ಒಣಗಿ ಅದು ಮತ್ತೆ ಬರುವುದು ಕಡಿಮೆಯಾಗುತ್ತದೆ. ಎಡ ಸೀಟಿನ ಕಾಲಡಿ ನೀರು ನಿಂತಿದ್ದರೆ ಎ.ಸಿ. ನೀರಿನ ಪೈಪ್ ಕಟ್ಟಿರುವ ಸಾಧ್ಯತೆ ಹೆಚ್ಚು. ಸಿಹಿ ವಾಸನೆ ಬಂದು ಗಾಜಿನ ಒಳಮೈಗೆ ಜಿಡ್ಡು ಕೂರುತ್ತಿದ್ದರೆ ಹೀಟರಿನಿಂದ ಕೂಲೆಂಟ್ ಸೋರುತ್ತಿರಬಹುದು. ಆಗ ತಡಮಾಡದೆ ಗ್ಯಾರೇಜಿಗೆ ಒಯ್ಯಿರಿ.