ಮರಳಿನ ಸೈಟಿನಲ್ಲಿ ಮಣ್ಣು ಪರೀಕ್ಷೆಗೆ ಬೋರ್ ಹೊಡೆಸುತ್ತೀರಾ? ಪಕ್ಕದಲ್ಲೇ ನಿಲ್ಲಿ

ಮಲ್ಪೆ ಹತ್ತಿರದ ಒಂದು ಸೈಟಿನಲ್ಲಿ ಮರಳು ತೀರಾ ಸಡಿಲ ಅಂತ ವರದಿ ಬಂದಿತ್ತು. ಎರಡನೇ ಸಲ ನಾನೇ ನಿಂತು ಬೋರ್ ಹೊಡೆಸಿದೆ. ಅದೇ ಆಳದಲ್ಲಿ ಪರೀಕ್ಷೆಯ ಕೊಳವೆ ಇಳಿಸಲು ಹ್ಯಾಮರಿನ ದುಪ್ಪಟ್ಟು ಪೆಟ್ಟು ಬೇಕಾಯಿತು, ಅಂದರೆ ಮರಳು ಅಷ್ಟು ಸಡಿಲವಿರಲಿಲ್ಲ. ಬದಲಾದದ್ದು ಬೋರಿನೊಳಗಿನ ನೀರು, ಅಷ್ಟೇ.

ನೀರು ತುಂಬಿದ ಸಡಿಲ ಮರಳು ಭೂಕಂಪಕ್ಕೆ ಅಲುಗಿದರೆ ಕಾಳುಗಳ ನಡುವಿನ ನೀರಿನ ಒತ್ತಡ ಏರಿ ಗಂಜಿಯಂತಾಗುತ್ತದೆ. 1964ರಲ್ಲಿ ಜಪಾನಿನ ನೀಗಾಟದಲ್ಲಿ ಅಪಾರ್ಟ್‌ಮೆಂಟ್‌ಗಳು ಹಾಗೇ ವಾಲಿದ್ದವು. ಭೂಕಂಪಕ್ಕೆ ತಡೆಯುವ ಕಟ್ಟಡಗಳ ಭಾರತೀಯ ಮಾನದಂಡ ಐಎಸ್ 1893ರ 2016ರ ಆವೃತ್ತಿಯಲ್ಲಿ ಮಂಗಳೂರು 3ನೇ, ಅಂದರೆ ಮಧ್ಯಮ ಅಪಾಯದ, ಭೂಕಂಪ ವಲಯ. ಮುರಕಲ್ಲಿನ ಗುಡ್ಡದ ಸೈಟಿಗೆ ಈ ಚಿಂತೆ ಇಲ್ಲ, ಅಲ್ಲಿ ಮುರಕಲ್ಲಿನಡಿಯ ಮೆತ್ತನೆಯ ಶೇಡಿ ಮಣ್ಣಿನ ತಲೆನೋವೇ ಬೇರೆ.

ಟ್ರೈಪಾಡ್ ನಿಲ್ಲಿಸಿ, ಬೋರಿನ ಗೋಡೆ ಕುಸಿಯದಂತೆ ಕೇಸಿಂಗ್ ಕೊಳವೆ ಇಳಿಸಿ, 1.5 ಮೀಟರಿಗೊಮ್ಮೆ ಹ್ಯಾಮರಿನಿಂದ ಕೊಳವೆ ಹೊಡೆದಿಳಿಸಿ ಪೆಟ್ಟು ಎಣಿಸುವ ಎಸ್‌ಪಿಟಿ ಮಾಡಿಸಿ.

ಕೆಡುವುದು ಇಲ್ಲಿ. ಕೊರೆಯುವ ಉಪಕರಣವನ್ನು ಸರ್ರನೆ ಎಳೆದರೆ ಬೋರಿನ ನೀರು ಕೆಳಗಿಳಿಯುತ್ತದೆ. ಹೊರಗಿನ ನೀರು ತಳದಿಂದ ಮರಳನ್ನು ಮೇಲೆ ನುಗ್ಗಿಸುತ್ತದೆ. ಹಾಗೆ ಸಡಿಲವಾದ ಮರಳಿಗೆ ಪೆಟ್ಟು ಹೊಡೆದರೆ ಎನ್ ಬೆಲೆ, ಅಂದರೆ ಪೆಟ್ಟಿನ ಎಣಿಕೆ, ಕಡಿಮೆಯೇ ಬರುತ್ತದೆ. ಆದ್ದರಿಂದ ಬೋರಿನಲ್ಲಿ ಬೆಂಟೊನೈಟ್ ಜೇಡಿ ಕಲಸಿದ ನೀರು ಯಾವಾಗಲೂ ಅಂತರ್ಜಲಕ್ಕಿಂತ ಮೇಲಿರಲಿ. ಉಪಕರಣ ನಿಧಾನ ಎತ್ತಿಸಿ. ಕೇಸಿಂಗ್ ಪರೀಕ್ಷೆಯ ಆಳ ದಾಟಬಾರದು. ಮಣ್ಣಿನ ಮಾದರಿ ಹಿಡಿಯುವ ಕೊಳವೆ, ಅಂದರೆ ಸ್ಪ್ಲಿಟ್ ಸ್ಪೂನ್, ಇಳಿಸಿದ ಮೇಲೆ ರಾಡಿನ ಉದ್ದ ಅಳೆಯಿರಿ: ಕೊರೆದ ಆಳಕ್ಕಿಂತ ಮೇಲೆ ನಿಂತರೆ ಮರಳು ಬಂದಿದೆ ಅಂತಲೇ ಅರ್ಥ. ಮತ್ತೆ ಶುಚಿ ಮಾಡಿಸಿ, ಕೆಲಸದವರು ಎಷ್ಟೇ ಗೊಣಗಲಿ.

ಹ್ಯಾಮರ್ 63.5 ಕಿಲೋ, ಬೀಳುವ ಎತ್ತರ 75 ಸೆಂಟಿಮೀಟರ್. ರಾಡಿಗೆ ಸೀಮೆಸುಣ್ಣದ ಗುರುತು ಹಾಕಿ. ಸಂಜೆ ಕೈ ಸೋತ ಮೇಲೆ ಎತ್ತರ ಕಡಿಮೆಯಾಗುತ್ತದೆ, ಪೆಟ್ಟು ಜಾಸ್ತಿ ಬೇಕಾಗುತ್ತದೆ, ಮರಳು ಗಟ್ಟಿ ಅಂತ ಕಾಣುತ್ತದೆ. ಸಡಿಲ ಮರಳನ್ನು ಗಟ್ಟಿ ಅಂತ ನಂಬಿಸುವ ಇದು ಮೊದಲಿನ ತಪ್ಪಿಗಿಂತ ಅಪಾಯ, ಅಲ್ವಾ? ಮೊದಲ 15 ಸೆಂಟಿಮೀಟರಿನ ಪೆಟ್ಟು ಬಿಟ್ಟು ಮುಂದಿನ 30ರದ್ದು ಮಾತ್ರ ಎಣಿಸಿ. 12, 14, 16 ಅಂತ ಅಂದವಾಗಿ ಏರುವ ವರದಿ ನೋಡಿದರೆ ಎಣಿಸದೆಯೇ ಬರೆದದ್ದೋ ಅಂತ ನನಗಂತೂ ಅನುಮಾನ.

ಸ್ಪೂನಿನ ಮಣ್ಣನ್ನು ಚೀಲದಲ್ಲಿ ಹಾಕಿ ಜರಡಿ ಪರೀಕ್ಷೆಗೆ ಕಳಿಸಿ. ಕಾಸಿದ್ದರೆ ಒಂದೆರಡು ಕಡೆ ಮೊನಚು ಕೋನನ್ನು ಮಣ್ಣಿಗೆ ಒತ್ತಿ ಇಳಿಸುವ ಕೋನ್ ಪರೀಕ್ಷೆಯನ್ನೂ ಮಾಡಿಸಿ. ಅದು ಸೆಕೆಂಡಿಗೆ 2 ಸೆಂಟಿಮೀಟರಿನಂತೆ ಇಳಿಯುತ್ತಾ ತೆಳು ಪದರವನ್ನೂ ಹಿಡಿಯುತ್ತದೆ.

ಲೆಕ್ಕ ಎಂಜಿನಿಯರಿಗೆ ಬಿಡಿ. ಹ್ಯಾಮರಿನ ಶಕ್ತಿ, ಮೇಲಿನ ಮಣ್ಣಿನ ಭಾರಕ್ಕೆ ಎನ್ ಬೆಲೆ ತಿದ್ದಿ, ಮರಳಿನ ತಡೆಯನ್ನು ಕಂಪನದ ಒತ್ತಡದಿಂದ ಭಾಗಿಸುತ್ತಾರೆ. 1ಕ್ಕಿಂತ ಕಡಿಮೆ ಬಂದರೆ ಮರಳು ದ್ರವವಾಗುತ್ತದೆ ಅಂತ ಲೆಕ್ಕ. ಒಂದು ಮಾತು: ಏಪ್ರಿಲ್‌ನಲ್ಲಿ ಕಂಡ ನೀರಿನ ಮಟ್ಟ ಹಾಕಲು ಬಿಡಬೇಡಿ. ಮಳೆಗಾಲದ ಆಟಿ ತಿಂಗಳಲ್ಲಿ ಬಾವಿ ನೀರು ಎಲ್ಲಿವರೆಗೆ ಬರುತ್ತದೆ ಅಂತ ಪಕ್ಕದ ಮನೆಯವರನ್ನು ಕೇಳಿ ಬರೆಸಿ.