ಟೊಮೆಟೊ ಕ್ರಾಸಿಂಗ್‌ಗೆ ಕೈ ಹಾಕುವ ಮುಂಚೆ ಮೊಗ್ಗು ನೋಡಲು ಕಲಿಯಿರಿ

ನಮ್ಮದು ರಾಣೆಬೆನ್ನೂರು ಕಡೆಯ ಹಳ್ಳಿ. ಬೀಜದ ಕಂಪನಿಗಳಿಗೆ ಹೈಬ್ರಿಡ್ ಬೀಜ ಮಾಡಿಕೊಡುವುದು ನಮ್ಮ ಕಡೆ ಬಹಳ ಜನರ ಕಸುಬು. ನಮ್ಮವ್ವ ಶೇಡ್ ನೆಟ್ ಒಳಗೆ ವರ್ಷಗಟ್ಟಲೆ ಟೊಮೆಟೊ, ಮೆಣಸಿನ ಹೂವಿನ ಕೇಸರ, ಅಂದರೆ ಪರಾಗ ಕೊಡುವ ಗಂಡು ಭಾಗ, ಕಿತ್ತವಳು. ಇಷ್ಟಿದ್ದೂ ತೋಟಗಾರಿಕೆ ಎಂಎಸ್ಸಿಗೆ ಸೇರಿ ನಾನು ಮಾಡಿದ ಮೊದಲ ಕ್ರಾಸ್ (ಒಂದು ತಳಿಯ ಹೂವಿಗೆ ಇನ್ನೊಂದು ತಳಿಯ ಪರಾಗ ಹಾಕುವುದು) ಕೆಟ್ಟಿತು. 40 ಸಸಿಗಳಲ್ಲಿ 13 ಹೈಬ್ರಿಡ್ಡೇ ಅಲ್ಲ! ತಪ್ಪು ನನ್ನದೇ. ಮೊಗ್ಗು ಬಲಿತುಬಿಟ್ಟಿತ್ತು.

ಟೊಮೆಟೊ ಹೂ ತನಗೆ ತಾನೇ ಪರಾಗ ಹಾಕಿಕೊಳ್ಳುತ್ತದೆ. ನಡುವೆ ಹಳದಿ ಕೊಳವೆಯ ಹಾಗೆ ಕಾಣುವುದೇ ಕೇಸರ. ಹೂವಿನ ಹೆಣ್ಣು ಭಾಗವಾದ ಶಲಾಕೆ ಅದರೊಳಗೆ ಇರುತ್ತದೆ. ಹೂ ಅರಳಿದ ಮೇಲೆ ಚಿಮುಟ ಹಿಡಿದರೆ ಕೆಲಸ ಅಷ್ಟರಲ್ಲೇ ಮುಗಿದಿರುತ್ತದೆ. "ನಾಳೆ ಅರಳೋ ಮೊಗ್ಗ ಇವತ್ತ ಹಿಡಿ, ಇವತ್ತ ಅರಳಿದ್ದನ್ನ ಕಿತ್ತ ಒಗಿ" ಅಂತ ಅವ್ವ ಫೋನಿನಲ್ಲೇ ಬೈದಳು.

ಹಾಗಾದರೆ ಸರಿಯಾದ ಮೊಗ್ಗು ಯಾವುದು? ದಳ ಪುಷ್ಪಪಾತ್ರೆಯಿಂದ (ಹೂವಿನ ಬುಡದ ಹಸಿರು ಬಟ್ಟಲು) ಸ್ವಲ್ಪ ಹೊರಗೆ ಬಂದಿರಬೇಕು, ಆದರೆ ಬಿಚ್ಚಿರಬಾರದು. ಬಣ್ಣ ಇನ್ನೂ ತಿಳಿ ಹಸಿರು ಕಲೆತ ಹಳದಿ. ಒಂದು ಮೊಗ್ಗು ಬಿಡಿಸಿ ನೋಡಿ. ಕೇಸರವೂ ಹಾಗೇ ಪೇಲವವಾಗಿದ್ದರೆ ಸರಿ. ಗಾಢ ಹಳದಿಗೆ ತಿರುಗಿದ್ದರೆ ಬಿಡಿ. ಒಂದು ದಿನ ಸುಮ್ನೆ ಮೊಗ್ಗು ಬಿಡಿಸಿ ನೋಡುತ್ತಾ ಕಳೆದರೂ ನಷ್ಟವಿಲ್ಲ. ನಾನು ಆ ಒಂದು ದಿನ ಉಳಿಸಲು ಹೋಗಿ ಒಂದು ಸೀಸನ್ ಕಳೆದುಕೊಂಡೆ.

ಕೇಸರ ಕೀಳುವುದು ಸಂಜೆ. ಮೊದಲು ಹೆಣ್ಣು ಗಿಡದಲ್ಲಿ, ಅಂದರೆ ತಾಯಿಯಾಗಿ ಆರಿಸಿಕೊಂಡ ಗಿಡದಲ್ಲಿ, ಅರಳಿದ ಹೂ, ಕಚ್ಚಿದ ಕಾಯಿ ಎಲ್ಲ ತೆಗೆಯಿರಿ. ಚಿಮುಟವನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಣಗಿಸಿ. ಅದರ ತುದಿಯನ್ನು ಕೇಸರದ ಕೊಳವೆಯ ಪಕ್ಕಕ್ಕೆ ತೂರಿಸಿ, ಸೀಳಿ, ದಳದ ಜೊತೆಗೇ ಮೇಲಕ್ಕೆ ಎಳೆಯಿರಿ. ಶಲಾಕೆ ಬಗ್ಗಿದರೆ, ಗೀರು ಬಿದ್ದರೆ ಆ ಹೂವಿನ ಆಸೆ ಬಿಡಿ.

ಮರುದಿನ ಬೆಳಿಗ್ಗೆ ಪರಾಗ ಕೊಡುವ ಗಂಡು ಗಿಡದ ಹೊಸದಾಗಿ ಅರಳಿದ ಹೂ ತನ್ನಿ. ನಮ್ಮಂಥ ವಿದ್ಯಾರ್ಥಿಗಳಿಗೆ ಬೇಕಾದದ್ದು ಹತ್ತಿಪ್ಪತ್ತು ಕಾಯಿ ಅಷ್ಟೇ ಅಲ್ವಾ? ಕೇಸರ ಸೀಳಿ ಸೂಜಿ ತುದಿಯಿಂದ ಪರಾಗ ಕೆರೆದು ಶಲಾಕಾಗ್ರಕ್ಕೆ ಮುಟ್ಟಿಸಿದರೆ ಸಾಕು. ಬೀಜೋತ್ಪಾದನೆಯವರು ಕೇಸರ ಒಣಗಿಸಿ, ಸೋಸಿ, ಪುಡಿಯನ್ನು ಬೆರಳಿನ ಉಂಗುರದ ಬಟ್ಟಲಲ್ಲಿ ಇಟ್ಟುಕೊಂಡು ಸಾಲಾಗಿ ಅದ್ದುತ್ತಾ ಹೋಗುತ್ತಾರೆ. ಹಗಲು 35 ಡಿಗ್ರಿ ದಾಟುವ ಬೇಸಿಗೆಯಲ್ಲಿ ಈ ಕೆಲಸ ಇಟ್ಟುಕೊಳ್ಳಬೇಡಿ. ಪರಾಗ ಸತ್ತು ಹೂ ಉದುರುತ್ತದೆ.

ಪರಾಗ ಹಾಕಿದ ಕೂಡಲೇ ಹೂವಿನ ಬುಡದ ಹಸಿರು ಎಸಳುಗಳಲ್ಲಿ (ಪುಷ್ಪಪತ್ರ) ಎರಡನ್ನು ಕತ್ತರಿಸಿ. ಕಾಯಿ ಹಣ್ಣಾದ ಮೇಲೂ ಆ ಗುರುತು ಉಳಿಯುತ್ತದೆ. ಚೀಟಿಯಲ್ಲಿ ತಾಯಿಯ ಹೆಸರು ಮೊದಲು, ತಂದೆಯದು ಆಮೇಲೆ, ಕೆಳಗೆ ತಾರೀಖು. ಪೆನ್ಸಿಲ್‌ನಲ್ಲೇ ಬರೆಯಿರಿ. ಪೆನ್ನಿನ ಶಾಯಿ ಒಂದೇ ಮಳೆಗೆ ಹೋಗುತ್ತದೆ.

ಸುಮಾರು ಒಂದೂವರೆ ಎರಡು ತಿಂಗಳಿಗೆ ಹಣ್ಣು. ಚೆನ್ನಾಗಿ ಕೆಂಪಾದ ಮೇಲೆ ಹಿಚುಕಿ, ನೀರು ಬೆರೆಸದೆ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದೆರಡು ದಿನ ಹುಳಿಯಲು ಬಿಡಿ. ಲೋಳೆ ಬಿಟ್ಟುಕೊಂಡ ಕೂಡಲೇ ತೊಳೆದು ನೆರಳಿನಲ್ಲಿ ಒಣಗಿಸಿ. ಜಾಸ್ತಿ ದಿನ ಬಿಟ್ಟರೆ ಬೀಜ ಡಬ್ಬಿಯಲ್ಲೇ ಮೊಳೆಯುತ್ತದೆ.

ಕ್ರಾಸ್ ಆಗಿದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತದೆ? ನಾನು ತಾಯಿಯಾಗಿ ಆರಿಸಿಕೊಂಡದ್ದು ಹಸಿರು ಕಾಂಡದ ತಳಿ. ಟೊಮೆಟೊದಲ್ಲಿ ನೇರಳೆ ಕಾಂಡ ಪ್ರಬಲ, ಹಸಿರು ದುರ್ಬಲ, ಅಂದರೆ ಎರಡೂ ಕೂಡಿದರೆ ನೇರಳೆಯೇ ಕಾಣುತ್ತದೆ. ಹಾಗಾಗಿ ನೇರಳೆ ಕಾಂಡದ ತಂದೆಯ ಪರಾಗ ನಿಜವಾಗಿ ಕೂಡಿದ್ದರೆ ಸಸಿಯ ಕಾಂಡ ಟ್ರೇಯಲ್ಲೇ ನೇರಳೆಯಾಗಿ ಕಾಣುತ್ತದೆ. ಹಸಿರಾಗಿ ಬಂದದ್ದು ತಾಯಿಯ ಸ್ವಂತ ಪರಾಗದ್ದು. ನನ್ನ ಆ 13 ಸಿಕ್ಕಿಬಿದ್ದದ್ದು ಹೀಗೆ. ಆಲೂಗಡ್ಡೆ ಎಲೆಯ ತಾಯಿ ಇಟ್ಟುಕೊಂಡರೂ ಇದೇ ಲೆಕ್ಕ. ಹೈಬ್ರಿಡ್ ಸಸಿಗೆ ಮಾಮೂಲಿ ಸೀಳೆಲೆ ಬರುತ್ತದೆ, ಆದರೆ ಅದಕ್ಕೆ ಸ್ವಲ್ಪ ದಿನ ಕಾಯಬೇಕು.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ರಕ್ಷಕ್ ಎಲೆ ಮುದುಡು ನಂಜು, ದುಂಡಾಣು ಸೊರಗು, ಎಲೆ ಅಂಗಮಾರಿ (ಅರ್ಲಿ ಬ್ಲೈಟ್) ಮೂರನ್ನೂ ತಡೆಯುವ ಟೊಮೆಟೊ ಹೈಬ್ರಿಡ್. ಅಂಥದ್ದರ ಹಿಂದೆಯೂ ಇದೇ ಚಿಮುಟದ ಕೆಲಸ ಇದೆ. ನಿಮಗೆ ಹೈಬ್ರಿಡ್ ಅಲ್ಲ, ಸ್ಥಿರ ತಳಿ ಬೇಕಿದ್ದರೆ ಮೊದಲ ಪೀಳಿಗೆಯ ಗಿಡಗಳನ್ನು ತಮ್ಮಷ್ಟಕ್ಕೆ ಕಾಯಿ ಕಟ್ಟಲು ಬಿಟ್ಟು, ಎರಡನೇ ಪೀಳಿಗೆಯನ್ನು ದೊಡ್ಡದಾಗಿ ಹಾಕಿ. ಎರಡು ದುರ್ಬಲ ಗುಣ ಒಂದೇ ಗಿಡದಲ್ಲಿ ಬೇಕಿದ್ದರೆ ಸರಾಸರಿ 16ಕ್ಕೆ ಒಂದು ಸಿಗುತ್ತದೆ. 30 ಗಿಡ ಹಾಕಿದರೆ ಅಂಥ ಒಂದು ಗಿಡವೂ ಸಿಗದೆ ಹೋಗಬಹುದು. ನಾನು 200 ಹಾಕಿದ್ದೇನೆ.