ಬೇಸ್‌ಬಾಲ್ ಅರ್ಥ ಆಗ್ಬೇಕಾ, ಮೊದಲು ಮೈನರ್ ಲೀಗ್ ನೋಡಿ

ಅಮೆರಿಕಕ್ಕೆ ಹೊಸದಾಗಿ ಬಂದ ನಮ್ಮೋರು ಬೇಸ್‌ಬಾಲ್ ಬಗ್ಗೆ ಕೇಳೋದೆಲ್ಲಾ ರೂಲ್ಸ್ ಬಗ್ಗೆನೇ, ಸ್ಟ್ರೈಕ್ ಅಂದ್ರೇನು, ಫೌಲ್ ಅಂದ್ರೇನು ಅಂತ. ಅದು ಒಂದೆರಡು ಮ್ಯಾಚ್ ನೋಡಿದ್ರೆ ತಾನಾಗೇ ಬರತ್ತೆ ಬಿಡಿ, ಕ್ರಿಕೆಟ್ ನೋಡ್ಕೊಂಡು ಬೆಳೆದವರಿಗೆ ಕಷ್ಟನೇ ಇಲ್ಲ. ತಲೆ ತಿನ್ನೋದು ಇದರ ವ್ಯವಸ್ಥೆ. ಮೊನ್ನೆ ಆಡಿದ ಹುಡುಗ ಇವತ್ತು ಯಾಕಿಲ್ಲ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜೈಂಟ್ಸ್ ಅನ್ನೋ ಟೀಮ್ ಇರುವಾಗ ಸ್ಯಾನ್ ಹೋಸೆಯಲ್ಲಿ ಇನ್ನೊಂದು ಜೈಂಟ್ಸ್ ಯಾಕೆ, ಇದನ್ನ ಯಾರೂ ಕೂತು ಹೇಳಲ್ಲ. ನಾನು ಬೇ ಏರಿಯಾದವನು, ಜೈಂಟ್ಸ್ ಅಂದ್ರೆ ಪ್ರಾಣ, ಹಾಗಾಗಿ ಉದಾಹರಣೆ ಎಲ್ಲಾ ಅಲ್ಲಿಂದಾನೇ ಕೊಡ್ತೀನಿ.

ಎಲ್ಲಕ್ಕಿಂತ ಮೇಲಿರೋದು ಮೇಜರ್ ಲೀಗ್, ಅದಕ್ಕೆ ಆಟಗಾರರನ್ನ ಬೆಳೆಸೋ ಕೆಳಗಿನ ಲೀಗುಗಳು ಮೈನರ್ ಲೀಗ್. ಮೇಜರ್ ಲೀಗ್ ಕಥೆ ಬೇಗ ಮುಗಿಸ್ತೀನಿ. 30 ಟೀಮು, ಅದರಲ್ಲಿ ಟೊರಾಂಟೋ ಒಂದೇ ಕೆನಡಾದ್ದು. 1876ರಲ್ಲಿ ಶುರುವಾದ ನ್ಯಾಷನಲ್ ಲೀಗು, 1901ರಿಂದ ಮೇಜರ್ ಅನ್ನಿಸಿಕೊಂಡ ಅಮೆರಿಕನ್ ಲೀಗು, ಎರಡರಲ್ಲೂ 15-15 ಟೀಮು. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆವರೆಗೆ ಒಂದೊಂದು ಟೀಮೂ 162 ಮ್ಯಾಚ್ ಆಡತ್ತೆ, ಹೆಚ್ಚುಕಮ್ಮಿ ದಿನಾ ಇದ್ದೇ ಇರತ್ತೆ. ಒಂದೊಂದು ಲೀಗಿಂದ ಆರಾರು ಟೀಮು ಅಕ್ಟೋಬರ್ ನಾಕೌಟ್‌ಗೆ ಹೋಗಿ, ಕೊನೇಲಿ ಎರಡು ಲೀಗಿನ ಚಾಂಪಿಯನ್‌ಗಳು ವರ್ಲ್ಡ್ ಸೀರೀಸ್ ಆಡ್ತಾರೆ, ಏಳರಲ್ಲಿ ನಾಲ್ಕು ಗೆದ್ದವರಿಗೆ ಕಪ್. ಎಷ್ಟೇ ಸೋತ್ರೂ ಯಾವ ಟೀಮೂ ಕೆಳಗಿನ ಲೀಗ್‌ಗೆ ಇಳಿಯಲ್ಲ, ಕೆಳಗಿನ ಟೀಮು ಎಷ್ಟೇ ಗೆದ್ರೂ ಮೇಲೆ ಹತ್ತಲ್ಲ. ಹತ್ತಿ ಇಳಿಯೋರು ಆಟಗಾರರು ಮಾತ್ರ. ಇದೊಂದು ಮನಸ್ಸಲ್ಲಿಟ್ಕೊಳ್ಳಿ, ಉಳಿದಿದ್ದೆಲ್ಲಾ ಇದರಿಂದಾನೇ ಬಿಚ್ಕೊಳ್ಳೋದು.

ಕ್ರಿಕೆಟ್ ಲೆಕ್ಕದಲ್ಲಿ ನೋಡಿದ್ರೆ ಇಲ್ಲೇ ಎಡವೋದು. ನಮ್ಮಲ್ಲಿ ಹುಡುಗ ಕ್ಲಬ್‌ಗೆ ಆಡ್ತಾನೆ, ಕೆಎಸ್‌ಸಿಎ ಸೆಲೆಕ್ಟ್ ಮಾಡಿದ್ರೆ ಕರ್ನಾಟಕಕ್ಕೆ ರಣಜಿ ಆಡ್ತಾನೆ, ರಣಜಿ ಕಪ್ಪಿಗೆ ಅದರದ್ದೇ ಆದ ತೂಕ ಇದೆ, ಗೆಲ್ಲೋದಕ್ಕೇ ಆಡೋದು. ಮೈನರ್ ಲೀಗಲ್ಲಿ ಹಾಗಲ್ಲ. ಪಾರ್ಕು, ಟಿಕೆಟ್ಟು, ತಿಂಡಿ ಅಂಗಡಿ ಎಲ್ಲಾ ಸ್ಥಳೀಯ ಟೀಮಿನವರು ನಡೆಸ್ತಾರೆ, ಆದ್ರೆ ಆಡೋ ಹುಡುಗರು, ಕೋಚ್‌ಗಳು, ಅವರ ಸಂಬಳ ಮೇಲಿನ ಮೇಜರ್ ಲೀಗ್ ಕ್ಲಬ್ಬಿಂದು. ಹಾಗಾಗಿ ಒಬ್ಬ ಪಿಚರ್ (ನಮ್ಮ ಬೌಲರ್ ಥರ) ಐದು ಇನ್ನಿಂಗ್ಸ್ ಒಂದೂ ಹಿಟ್ ಕೊಡದೆ ಹಾಕ್ತಿದ್ರೂ, ಅವನ ಪಿಚ್ ಲೆಕ್ಕ, ಅಂದ್ರೆ ಅವತ್ತು ಹಾಕ್ಬೇಕಾದ ಬಾಲ್‌ಗಳ ಲೆಕ್ಕ, ಮುಗೀತು ಅಂದ್ರೆ ಕರ್ಕೊಂಡು ಹೋಗ್ತಾರೆ, ಮ್ಯಾಚ್ ಸೋತ್ರೂ ಪರವಾಗಿಲ್ಲ ಅಂತ. ಮೊದಲ ಸಲ ನೋಡೋರಿಗೆ ಸಿಟ್ಟು ಬರತ್ತೆ, ಆದ್ರೆ ಅಲ್ಲಿ ಬೆಳೆಸ್ತಾ ಇರೋದು ಆ ಹುಡುಗನ ಭುಜ, ಸ್ಕೋರ್ ಅಲ್ಲ. 1920ರ ದಶಕದಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ನಡೆಸ್ತಿದ್ದ ಬ್ರಾಂಚ್ ರಿಕಿ ಕಟ್ಟಿದ ಪದ್ಧತಿ ಇದು. ದುಡ್ಡಿದ್ದ ಟೀಮುಗಳ ಜೊತೆ ಪೈಪೋಟಿಗೆ ನಿಂತು ಆಟಗಾರರನ್ನ ಕೊಳ್ಳೋ ಬದಲು, ಚಿಕ್ಕ ಊರುಗಳ ಟೀಮುಗಳನ್ನ ಹಿಡಿದು ತಾವೇ ಬೆಳೆಸೋದು ಅಂತ ಶುರು ಮಾಡಿದ್ದು, ಈಗ ಎಲ್ಲರೂ ಹಾಗೇ.

2021ರಿಂದ ಒಂದೊಂದು ಕ್ಲಬ್ಬಿಗೂ ನಾಲ್ಕು ಮೆಟ್ಟಿಲು, ಒಟ್ಟು 120 ಟೀಮು. ಜೈಂಟ್ಸ್‌ದು ಕೆಳಗಿಂದ ನೋಡಿದ್ರೆ ಸಿಂಗಲ್-ಎ ಸ್ಯಾನ್ ಹೋಸೆ, ಹೈ-ಎ ಆರೆಗನ್‌ನ ಯೂಜೀನ್, ಡಬಲ್-ಎ ವರ್ಜೀನಿಯಾದ ರಿಚ್‌ಮಂಡ್, ಟ್ರಿಪಲ್-ಎ ಸ್ಯಾಕ್ರಮೆಂಟೋ. ಅದಕ್ಕೂ ಕೆಳಗೆ ಅರಿಝೋನಾದಲ್ಲಿ, ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ತೀರಾ ಹೊಸ ಹುಡುಗರ ಲೀಗುಗಳಿವೆ. ಬಸ್ಟರ್ ಪೋಸಿಯನ್ನೇ ತಗೊಳ್ಳಿ, ಕ್ಲಬ್‌ಗಳು ಸರದಿ ಪ್ರಕಾರ ಹೊಸ ಹುಡುಗರನ್ನ ಆರಿಸ್ಕೊಳ್ಳೋ 2008ರ ಡ್ರಾಫ್ಟಲ್ಲಿ ಐದನೇ ಆಯ್ಕೆ, 2009ರ ಸೀಸನ್ ಸ್ಯಾನ್ ಹೋಸೆಯಲ್ಲಿ ಶುರು ಮಾಡಿ, ಮಧ್ಯದಲ್ಲಿ ಆಗಿನ ಟ್ರಿಪಲ್-ಎ ಫ್ರೆಸ್ನೋಗೆ ಹೋಗಿ, ಸೆಪ್ಟೆಂಬರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೇ ಬಂದ, 2010ರಲ್ಲಿ ವರ್ಲ್ಡ್ ಸೀರೀಸ್ ಗೆದ್ದ ಟೀಮಿನ ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಥರ) ಅವನೇ. ಅಷ್ಟು ಬೇಗ ಹತ್ತೋರು ಕಮ್ಮಿ. ಹತ್ತೋದೇ ಆಗದೆ ಮನೆಗೆ ಹೋಗೋರೇ ಜಾಸ್ತಿ.

ಈಗ ಹುಡುಗ ಮಾಯ ಆಗೋ ವಿಷಯ. ಮೇಜರ್ ಟೀಮಲ್ಲಿ ಆಡೋಕೆ ರೆಡಿ ಇರೋ ಪಟ್ಟಿ 26 ಜನರದ್ದು, ಅದರ ಹಿಂದೆ 40 ಜನರ ಇನ್ನೊಂದು ಪಟ್ಟಿ. 40ರಲ್ಲಿ ಇರೋನನ್ನ ಸಾಮಾನ್ಯವಾಗಿ ಮೂರು ಸೀಸನ್‌ವರೆಗೆ ಕೆಳಗೆ ಕಳಿಸ್ಬಹುದು, ಇದಕ್ಕೆ ಆಪ್ಷನ್ ಅಂತಾರೆ, ಒಂದು ಸೀಸನ್ನಲ್ಲಿ ಐದು ಸಲಕ್ಕಿಂತ ಜಾಸ್ತಿ ಕಳಿಸೋ ಹಾಗಿಲ್ಲ. ಆಪ್ಷನ್ ಖಾಲಿಯಾಗಿ ಜಾಗಾನೂ ಇಲ್ಲ ಅಂದ್ರೆ ಡಿಎಫ್‌ಎ ಮಾಡ್ತಾರೆ, ಅಂದ್ರೆ 40ರ ಪಟ್ಟಿಯಿಂದ ತೆಗೆದು ಒಂದು ವಾರದೊಳಗೆ ಟ್ರೇಡೋ (ಬೇರೆ ಕ್ಲಬ್ ಜೊತೆ ಅದಲುಬದಲು) ವೇವರ್ಸೋ (ಬೇಕಾದ ಕ್ಲಬ್ ತಗೊಳ್ಳಲಿ ಅಂತ ಬಿಡೋದು) ಏನಾದ್ರೂ ಒಂದು ಇತ್ಯರ್ಥ ಮಾಡ್ಲೇಬೇಕು, ಬೇರೆ ಕ್ಲಬ್ ಬಂದು ಎತ್ಕೊಂಡು ಹೋಗ್ಬಹುದು. ನ್ಯೂಸಲ್ಲಿ ಒಂದೇ ಸಾಲು ಬರೋದು, ಆದ್ರೆ ಆ ಒಂದು ಸಾಲಲ್ಲಿ ಒಂದು ಸಂಸಾರ ಊರು ಬಿಡತ್ತೆ, ನನಗಂತೂ ಓದಿದಾಗೆಲ್ಲಾ ಹೊಟ್ಟೆ ಚುರುಕ್ ಅನ್ನತ್ತೆ.

ದುಡ್ಡಿನ ಅಂತರ ನೋಡಿದ್ರೆ ಯಾಕೆ ಅಂತ ಗೊತ್ತಾಗತ್ತೆ. 2025ರಲ್ಲಿ ಮೇಜರ್ ಲೀಗಿನ ಕನಿಷ್ಠ ಸಂಬಳ ವರ್ಷಕ್ಕೆ 7,60,000 ಡಾಲರ್. ಮೈನರ್ ಲೀಗಿನವರು ಯೂನಿಯನ್ ಕಟ್ಕೊಂಡು 2023ರಲ್ಲಿ ಮೊದಲ ಒಪ್ಪಂದ ಮಾಡ್ಕೊಂಡ ಮೇಲೂ ಆ ವರ್ಷ ಟ್ರಿಪಲ್-ಎ ಕನಿಷ್ಠ 35,800 ಡಾಲರ್, ಸಿಂಗಲ್-ಎ 26,200, ಅದಕ್ಕೆ ಮೊದಲು ಸಿಂಗಲ್-ಎಗೆ ಸುಮಾರು 11,000 ಅಷ್ಟೇ. ಮನೆ ಕೂಡ ಕ್ಲಬ್ಬೇ ಕೊಡ್ಬೇಕು ಅಂತ ಆಗಿದ್ದು 2022ರಲ್ಲಿ. ಕೋಟಿಗಟ್ಟಲೆ ವ್ಯಾಪಾರ ಮಾಡೋ ಆಟದಲ್ಲಿ ಇಷ್ಟು ವರ್ಷ ಹುಡುಗರು ಅಪಾರ್ಟ್‌ಮೆಂಟಲ್ಲಿ ಗಾಳಿ ಹಾಸಿಗೆ ಹಾಕ್ಕೊಂಡು ಮಲಗಿದ್ದು ನ್ಯಾಯ ಅಲ್ಲ, ಹಾಗೇ 2021ರಲ್ಲಿ 40ಕ್ಕೂ ಹೆಚ್ಚು ಊರುಗಳ ಟೀಮನ್ನ ಈ ವ್ಯವಸ್ಥೆಯಿಂದ ಕಿತ್ತು ಹಾಕಿದ್ದೂ ನ್ಯಾಯ ಅಲ್ಲ. ಎಷ್ಟೋ ಚಿಕ್ಕ ಊರಿಗೆ ಬೇಸಿಗೆ ಸಂಜೆ ಅಂದ್ರೆ ಅದೇ ಆಗಿತ್ತು.

ಸ್ಯಾನ್ ಹೋಸೆ ಪಾರ್ಕು 1942ರದ್ದು, ಚಿಕ್ಕದು. ಹೋಮ್ ಪ್ಲೇಟ್ (ಬ್ಯಾಟ್ ಮಾಡೋ ಜಾಗ) ಹಿಂದೆ ಕೂತ್ರೆ ಕ್ಯಾಚರ್ ಗ್ಲೋವಿಗೆ ಬಾಲ್ ಬಡಿಯೋ ಸದ್ದು ಎದೆಗೆ ಕೇಳತ್ತೆ. ಪಕ್ಕದ ಸಾಲಲ್ಲಿ ಬಾಲ್ ವೇಗ ಅಳೆಯೋ ರೇಡಾರ್ ಗನ್ ಹಿಡ್ಕೊಂಡು, ಒಳ್ಳೆ ಆಟಗಾರರನ್ನ ಹುಡುಕೋ ಸ್ಕೌಟ್‌ಗಳು, ಅವತ್ತು ಆಡದೆ ಇರೋ ಪಿಚರ್ ಒಬ್ಬ ಕ್ಲಿಪ್‌ಬೋರ್ಡ್ ಇಟ್ಕೊಂಡು ಒಂದೊಂದು ಪಿಚ್ಚನ್ನೂ ಬರೀತಿರ್ತಾನೆ, ಹತ್ತೊಂಬತ್ತು ಇಪ್ಪತ್ತು ವರ್ಷ ಇರ್ಬೇಕು, ಸ್ಪ್ಯಾನಿಷ್‌ನಲ್ಲಿ ಗೆಳೆಯಂಗೆ ಏನೋ ಹೇಳ್ತಾ ಮಧ್ಯೆ ಸೂರ್ಯಕಾಂತಿ ಬೀಜ ಉಗೀತಾ ಇರ್ತಾನೆ. ಮಕ್ಕಳು ಬೇಲಿ ಹತ್ರ ನಿಂತು ಕರೆದ್ರೆ ಬಂದು ಬಾಲ್ ಮೇಲೆ ಸೈನ್ ಮಾಡಿ ಕೊಡ್ತಾರೆ. ಇದು ಮೇಜರ್ ಪಾರ್ಕಿನ ಮೇಲಿನ ಡೆಕ್ಕಲ್ಲಿ ಸಿಗಲ್ಲ.

ದೊಡ್ಡ ಸ್ಟಾರ್‌ಗಳೂ ಇಲ್ಲಿ ಬರ್ತಾರೆ. ಗಾಯ ಆಗಿ ವಾಸಿ ಆಗ್ತಿರೋನು ಮೇಲೆ ಹೋಗೋ ಮುಂಚೆ ಕೆಳಗಿನ ಟೀಮಲ್ಲಿ ನಾಲ್ಕಾರು ದಿನ ಆಡ್ತಾನೆ, ರಿಹ್ಯಾಬ್ ಅಂತ, ಆಗ ಇಡೀ ಟೀಮಿಗೆ ಒಳ್ಳೆ ಊಟ ಹಾಕ್ಸೋದು ಹಳೇ ಸಂಪ್ರದಾಯ. ಹೊಸ ರೂಲ್ಸೂ ಇಲ್ಲೇ ಮೊದಲು. 2023ರಲ್ಲಿ ಮೇಜರ್ಸ್‌ಗೆ ಬಂದ ಪಿಚ್ ಕ್ಲಾಕ್ (ಪಿಚರ್ ಇಷ್ಟು ಸೆಕೆಂಡಲ್ಲಿ ಬಾಲ್ ಹಾಕ್ಬೇಕು ಅನ್ನೋ ಗಡಿಯಾರ), 2026ರ ಸೀಸನ್‌ಗೆ ಒಪ್ಪಿಗೆ ಸಿಕ್ಕ ಬಾಲ್-ಸ್ಟ್ರೈಕ್ ಚಾಲೆಂಜ್ (ಅಂಪೈರ್ ತೀರ್ಪನ್ನ ಪ್ರಶ್ನಿಸೋದು) ಎರಡನ್ನೂ ಮೈನರ್ಸಲ್ಲೇ ಪಳಗಿಸಿದ್ದು.

ನಮ್ಮ ದೇಶದ ರಿಂಕು ಸಿಂಗ್ (ಕ್ರಿಕೆಟರ್ ಅಲ್ಲ, ಬೇರೆಯವನು), ದಿನೇಶ್ ಪಟೇಲ್ 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಜೊತೆ ಸೈನ್ ಮಾಡಿದ್ರು, ಅಮೆರಿಕದಲ್ಲಿ ಪ್ರೊಫೆಷನಲ್ ಬೇಸ್‌ಬಾಲ್ ಆಡಿದ ಮೊದಲ ಭಾರತೀಯರು, ರಿಂಕು ಸಿಂಗಲ್-ಎವರೆಗೂ ಬಂದ. ಅಮ್ಮನ ಕಡೆಯಿಂದ ಭಾರತೀಯ ಮೂಲದ ಕುಮಾರ್ ರಾಕರ್ 2024ರ ಸೆಪ್ಟೆಂಬರಲ್ಲಿ ಟೆಕ್ಸಸ್ ರೇಂಜರ್ಸ್‌ಗೆ ಮೊದಲ ಮ್ಯಾಚ್ ಆಡಿದ.

ನಮ್ಮೋರು ಜಾಸ್ತಿ ಇರೋ ಎಷ್ಟೋ ಕಡೆ ಒಂದು ಮೈನರ್ ಟೀಮ್ ಇದೆ: ಡಲ್ಲಾಸ್ ಕಡೆ ಫ್ರಿಸ್ಕೋ, ಹ್ಯೂಸ್ಟನ್ ಕಡೆ ಶುಗರ್ ಲ್ಯಾಂಡ್, ಆಸ್ಟಿನ್ ಪಕ್ಕ ರೌಂಡ್ ರಾಕ್, ಅಟ್ಲಾಂಟಾದವರಿಗೆ ಗ್ವಿನೆಟ್, ನ್ಯೂಜೆರ್ಸಿಯ ಬ್ರಿಡ್ಜ್‌ವಾಟರಲ್ಲಿ ಯಾಂಕೀಸ್‌ನ ಡಬಲ್-ಎ ಸಾಮರ್‌ಸೆಟ್, ಸಿಯಾಟಲ್‌ನವರಿಗೆ ಟಕೋಮಾ ಮತ್ತೆ ಎವರೆಟ್, ನಾರ್ತ್ ಕ್ಯಾರೊಲೈನಾದಲ್ಲಿ ಡರ್ಹಮ್ ಬುಲ್ಸ್. ಮಾಮೂಲಿಯಾಗಿ ಮಂಗಳವಾರದಿಂದ ಭಾನುವಾರದ ತನಕ ಒಂದೇ ಟೀಮ್ ಜೊತೆ ಆರು ಮ್ಯಾಚ್, ಸೋಮವಾರ ರಜೆ. ವೀಕೆಂಡಲ್ಲಿ ಪಟಾಕಿ ಇರೋ ದಿನ ರಶ್ ಜಾಸ್ತಿ, ಆಟ ನೋಡ್ಬೇಕು ಅಂದ್ರೆ ಬುಧವಾರ ಹೋಗಿ. ಸಸ್ಯಾಹಾರಿಗಳಿಗೆ ಗಾರ್ಲಿಕ್ ಫ್ರೈಸು, ಪ್ರೆಟ್ಜೆಲ್ಲು, ಕಡಲೆಕಾಯಿ ಸಿಗತ್ತೆ, ಚಿತ್ರಾನ್ನ ಡಬ್ಬಿ ತಗೊಂಡು ಹೋಗೋದಾದ್ರೆ ಆ ಪಾರ್ಕಲ್ಲಿ ಹೊರಗಿನ ಊಟ ಬಿಡ್ತಾರಾ, ಬ್ಯಾಗ್ ಸೈಜ್ ಎಷ್ಟು ಅಂತ ಮೊದಲೇ ವೆಬ್‌ಸೈಟಲ್ಲಿ ನೋಡ್ಕೊಳ್ಳಿ. ಹೋದಾಗ ಯಾರಾದ್ರೂ ಒಬ್ಬ ಹುಡುಗನ್ನ ಆರಿಸ್ಕೊಳ್ಳಿ, ಹೆಸರು ಬರ್ಕೊಳ್ಳಿ, ಮುಂದಿನ ವರ್ಷ ಯಾವ ಮೆಟ್ಟಿಲಲ್ಲಿದ್ದಾನೆ ಅಂತ ಹುಡುಕಿ.